ಚಿತ್ರ ಕೊಟ್ಟು ಕಪಾಟು ತಗೊಂಡ ಲೆಕ್ಕ

ನಮ್ಮ ಅಡುಗೆಮನೆಯ ಕಪಾಟು ಚಿತ್ರಕ್ಕೆ ಬದಲಾಗಿ ಬಂದದ್ದು. ಮಗಳ ಲೆಕ್ಕದ ಟ್ಯೂಷನ್ ಕೂಡ ಹಾಗೇ. ಹಲ್ಲಿನ ರೂಟ್ ಕೆನಾಲ್, ಸ್ಕೂಟರ್ ಇಂಜಿನ್ ಬಿಚ್ಚಿ ಕಟ್ಟಿಸಿದ್ದು, ಅತ್ತೆಯ ರವಿಕೆಗಳು, ಹೋದ ಸುಗ್ಗಿಯ ಬೆಲ್ಲ, ಎಲ್ಲ ಇದೇ ದಾರಿಯಲ್ಲಿ ಮನೆಗೆ ಬಂದವು. ಮೈಸೂರಿನಲ್ಲಿ ಚಿತ್ರ ಬರೆದು ಬದುಕುವ ಯಾರನ್ನಾದರೂ ಕೇಳಿ, ಇಂಥದೊಂದು ಪಟ್ಟಿ ಇದ್ದೇ ಇರುತ್ತದೆ. ಪ್ರದರ್ಶನದಲ್ಲಿ ಮಾರಿದ್ದನ್ನು ಎಲ್ಲರೂ ಹೇಳಿಕೊಳ್ಳುತ್ತಾರೆ. ಪಕ್ಕದ ಬೀದಿಯವರಿಗೆ ಬರೆದುಕೊಟ್ಟದ್ದನ್ನು, ಅದರಲ್ಲೂ ದುಡ್ಡಿನ ಬದಲು ಇನ್ನೇನೋ ತಗೊಂಡದ್ದನ್ನು ಯಾಕೋ ಯಾರೂ ಹೇಳಲ್ಲ. ನನ್ನ ಒಳ್ಳೆಯ ಕೆಲಸ ಬಹುಪಾಲು ಆಗಿರುವುದು ಅಲ್ಲೇ. ಅದಕ್ಕೇ ಅದನ್ನು ಬರೆದಿಡಬೇಕು ಅನ್ನಿಸಿತು.

ನಮ್ಮೂರಿನಲ್ಲಿ ಹೇಳಿ ಬರೆಸುವುದು ಹೊಸದೇನೂ ಅಲ್ಲ. ರವಿವರ್ಮ 1906ರಲ್ಲಿ ತೀರಿಕೊಳ್ಳುವುದಕ್ಕೆ ಮುಂಚೆ ಮೈಸೂರು ಅರಮನೆಗೆ ಅಂತಲೇ ಒಂಬತ್ತು ಪುರಾಣದ ಚಿತ್ರ ಬರೆದುಕೊಟ್ಟ. ಅರಮನೆಯ ಕಲ್ಯಾಣ ಮಂಟಪದ ಗೋಡೆಯ ಮೇಲೆ 1930ರ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಫೋಟೋಗಳನ್ನು ಮುಂದಿಟ್ಟುಕೊಂಡು ಆಸ್ಥಾನದ ಕಲಾವಿದರು ಬರೆದವು. ಹೋದಾಗಲೆಲ್ಲ ನಾನು ಆನೆ, ಅಂಬಾರಿಗಿಂತ ಜಾಸ್ತಿ ಹೊತ್ತು ನೋಡುವುದು ದಾರಿಬದಿಯಲ್ಲಿ ನಿಂತ ಜನರನ್ನು. ಅವರ ಪೇಟ, ಅವರ ಕೋಟು, ಮಹಡಿಯಿಂದ ಬಗ್ಗಿ ನೋಡುವವರು. ಬರೆಸಿದವರು ಮಹಾರಾಜರು, ನಿಜ. ಆದರೆ ಬರೆದವರು ಊರಿನ ಮುಖಗಳನ್ನು ಬಿಟ್ಟಿಲ್ಲ.

ಅರಮನೆಯ ಆರ್ಡರ್ ನಿಂತು ಎಷ್ಟೋ ಕಾಲ ಆಯಿತು. ಈಗ ನಮಗೆ ಕೆಲಸ ಕೊಡುವವರು ಯಾರು ಅಂದರೆ, ಗೃಹಪ್ರವೇಶ ಇಟ್ಟುಕೊಂಡವರು, ಮಗುವಿನ ನಾಮಕರಣಕ್ಕೆ ಏನಾದರೂ ಬೇರೆ ತರಹ ಮಾಡಿಸಬೇಕು ಅನ್ನುವವರು, ಗೋಕುಲಂ ಕಡೆ ಯೋಗ ಕಲಿಯಲು ಬಂದವರಿಗಾಗಿ ಕೆಫೆ ತೆರೆದವರು, ಅಂಗನವಾಡಿ ಗೋಡೆ ಮೇಲೆ ನವಿಲು, ಮಗ್ಗಿ ಬರೆಸುವವರು. ಮತ್ತೆ ಎಲ್ಲರಿಗಿಂತ ಜಾಸ್ತಿ, ಮನೆಯಲ್ಲಿ ಒಬ್ಬರನ್ನು ಕಳೆದುಕೊಂಡವರು.

ತೀರಿಕೊಂಡವರ ಚಿತ್ರದ ಕೆಲಸ ಬಂದರೆ ನಾನು ಬೇರೆ ಎಲ್ಲವನ್ನೂ ಪಕ್ಕಕ್ಕಿಟ್ಟು ಅದನ್ನು ಹಿಡಿಯುತ್ತೇನೆ. ಹನ್ನೊಂದನೇ ದಿನಕ್ಕೆ ಬೇಕು ಅನ್ನುತ್ತಾರೆ, ಇಲ್ಲವೇ ವರ್ಷದ ತಿಥಿಗೆ. ಕೈಗೆ ಕೊಡುವ ಫೋಟೋ ಹೆಚ್ಚಿನ ಸಲ ವೋಟರ್ ಐಡಿಯದು, ಅಥವಾ ಯಾವುದೋ ಮದುವೆಯ ಗುಂಪಿನಲ್ಲಿ ಮೂರನೇ ಸಾಲಿನಲ್ಲಿ ಕಾಣುವ ಅರ್ಧ ಮುಖ. ಆ ಫೋಟೋ ದೊಡ್ಡದು ಮಾಡಿದರೆ ಚುಕ್ಕೆ ಬಿಟ್ಟು ಏನೂ ಉಳಿಯಲ್ಲ. ಆಗ ಮನೆಯವರ ಮುಖ ನೋಡಬೇಕು. ಮಗನ ಕಿವಿ ಹೇಗಿದೆ, ತಂಗಿಯ ದವಡೆ ಹೇಗಿದೆ, ಮೊಮ್ಮಗಳು ನಕ್ಕಾಗ ಯಾವ ಕಡೆಯ ಕೆನ್ನೆ ಮೇಲೇಳುತ್ತದೆ. ಕೂರಿಸಿಕೊಂಡು ಮಾತಾಡಿಸುತ್ತೇನೆ. ಅವರು ಕೂತ ಕುರ್ಚಿ ಯಾವುದು, ಕನ್ನಡಕ ಮೂಗಿನ ಮೇಲೆ ಎಲ್ಲಿ ನಿಲ್ಲುತ್ತಿತ್ತು ಅಂತ ಕೇಳಿದರೆ ಸಾಕು, ಮನೆಯವರೆಲ್ಲ ಒಬ್ಬರ ಮೇಲೊಬ್ಬರು ಹೇಳತೊಡಗುತ್ತಾರೆ. ಜಗಳವೂ ಆಗುತ್ತದೆ. ಹಿರಿ ಮಗಳಿಗೆ ನೆನಪಿರುವ ಅಪ್ಪ ಬೇರೆ, ಕಿರಿ ಮಗನಿಗೆ ಗೊತ್ತಿರುವ ಅಪ್ಪ ಬೇರೆ. ಹತ್ತು ವರ್ಷದ ಅಂತರದಲ್ಲಿ ಒಬ್ಬನೇ ಮನುಷ್ಯನ ಕೂದಲು, ಹಲ್ಲು, ಸಿಟ್ಟು ಎಲ್ಲ ಬದಲಾಗಿರುತ್ತವೆ ಅಲ್ವಾ.

ಕೆಲವರು ಕೇಳುವುದು ಫೋಟೋದಲ್ಲಿ ಇಲ್ಲದ್ದನ್ನು. ನಮ್ಮಮ್ಮನಿಗೆ ಒಳ್ಳೆಯ ಸೀರೆ ಉಡಿಸಿ ಅನ್ನುತ್ತಾರೆ. ಮೂಗುತಿ ಅಡ ಇಟ್ಟದ್ದು ಬಿಡಿಸಿಕೊಳ್ಳಲೇ ಆಗಲಿಲ್ಲ, ಚಿತ್ರದಲ್ಲಾದರೂ ಹಾಕಿ ಅನ್ನುತ್ತಾರೆ. ಒಬ್ಬರು ಬಂದು, ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಇರುವ ಒಂದು ಫೋಟೋನೂ ಇಲ್ಲ, ಇಬ್ಬರನ್ನೂ ಅಕ್ಕಪಕ್ಕ ಕೂರಿಸಿಕೊಡಿ ಅಂದರು. ಅಪ್ಪನ ಫೋಟೋ ಮೂವತ್ತರ ಹರೆಯದ್ದು, ಅಮ್ಮನದು ಎಪ್ಪತ್ತರದ್ದು. ಹಾಗೇ ಬರೆದರೆ ತಾಯಿ ಮಗನ ಹಾಗೆ ಕಾಣುತ್ತಾರೆ. ಅಪ್ಪನಿಗೆ ವಯಸ್ಸು ಕೊಡಬೇಕಾ, ಅಮ್ಮನ ವಯಸ್ಸು ಇಳಿಸಬೇಕಾ? ಕೊನೆಗೆ ಅಮ್ಮನನ್ನು ಕೇಳಿದೆ, ಅವರು ಇನ್ನೂ ಇದ್ದರು. "ಅವರು ಇದ್ದಂಗೇ ಇರ್ಲಿ, ನನ್ನ ಮುಖಾನೇ ಚಿಕ್ಕದು ಮಾಡಮ್ಮ" ಅಂದರು. ಮಾಡಿದೆ. ಆ ಕೆಲಸಕ್ಕೆ ಸಿಕ್ಕಿದ ಜಾಗ ಒಂದು ನಡುಮನೆಯ ಗೋಡೆ, ಟಿವಿ ಪಕ್ಕ. ಅದಕ್ಕಿಂತ ಒಳ್ಳೆಯ ಗೋಡೆ ಯಾವ ಊರಿನ ಗ್ಯಾಲರಿಯಲ್ಲೂ ಇಲ್ಲ ಅಂತ ನಾನು ನಂಬಿದ್ದೇನೆ.

ಈಗ ಕಪಾಟಿನ ವಿಷಯ. ನಮ್ಮ ಬಡಗಿಯ ತಂದೆ ಬೀಟೆ ಮರದಲ್ಲಿ ಇನ್‌ಲೇ ಕೆಲಸ ಮಾಡಿದವರು. ಬೇರೆ ಬೇರೆ ಮರದ ತೆಳು ಚೂರುಗಳನ್ನು ಕತ್ತರಿಸಿ, ಬೀಟೆಯಲ್ಲಿ ಗುಳಿ ತೋಡಿ, ಕೂರಿಸುವ ಕೆಲಸ. ಬಣ್ಣ ಬಳಿಯುವಂತಿಲ್ಲ, ಮರದ್ದೇ ಬಣ್ಣ. ಬದುಕೆಲ್ಲ ಬಗ್ಗಿ ಕೂತು ಕತ್ತು ಮುಂದಕ್ಕೆ ಬಂದಿತ್ತಂತೆ. ಅದಕ್ಕೆ ನಾನು ಅವರನ್ನು ಬಗ್ಗಿ ಕೂತ ಹಾಗೇ ಬರೆದೆ, ಕೈಯಲ್ಲಿ ಸಣ್ಣ ಗರಗಸ, ಕಣ್ಣು ಕೆಳಗೆ. ಮಗನಿಗೆ ಬಹಳ ಹಿಡಿಸಿತು. ಅವರ ತಾಯಿ ಮಾತ್ರ "ಹಾರ ಹಾಕೋ ಫೋಟೋಲಿ ಮುಖ ನೇರ ಇರಬೇಕು" ಅಂದರು. ಅದೂ ಸರಿಯೇ. ಎರಡು ಬರೆದೆ.

ಬದಲಿ ಹೇಗೆ ಅನ್ನುವ ಮಾತು ಬಂದಾಗ ಆ ಬಡಗಿ ಹೇಳಿದ್ದನ್ನು ನಾನು ಇವತ್ತಿಗೂ ಹಾಗೇ ನಡೆಸುತ್ತಿದ್ದೇನೆ. "ಅಕ್ಕಾ, ಪ್ಲೈವುಡ್ಡು, ತಿರುಗಣಿ, ಸ್ಕ್ರೂ, ಇದರ ದುಡ್ಡು ನೀವು ಕೊಡಿ. ನಿಮ್ಮ ಪೇಪರು, ಗಾಜು, ಫ್ರೇಮಿಂದು ನಾನು ಕೊಡ್ತೀನಿ. ಕೂಲಿ ಕೂಲಿಗೆ ವಜಾ."

ಇಷ್ಟೇ. ಆದರೆ ಇದರೊಳಗೆ ಬಹಳ ಇದೆ. ಸಾಮಾನು ಯಾರಿಗೂ ಬದಲಿಗೆ ಸಿಗಲ್ಲ. ನಾನು ಬಳಸುವ ಹತ್ತಿಯ ಪೇಪರ್, 300 ಜಿಎಸ್‌ಎಂ ಅನ್ನುವ ದಪ್ಪನೆಯದು, ಅಂಗಡಿಯವರು ದುಡ್ಡು ಕೊಟ್ಟರೆ ಮಾತ್ರ ಕೊಡುತ್ತಾರೆ. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಬರೆಯುವ ಗೆಳತಿಯೊಬ್ಬಳಿದ್ದಾಳೆ. ಸಫೇದ ಅನ್ನುವ ಬಿಳಿ ಪುಡಿಗೆ ಅಂಟು, ಮಕ್ಕಿ ಅನ್ನುವ ಹಳದಿ ಬಣ್ಣ ಸೇರಿಸಿ ಅರೆದು, ಆಭರಣ, ಸಿಂಹಾಸನದ ಕೆಲಸವನ್ನು ಸಣ್ಣಗೆ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾಳೆ. ತಂಜಾವೂರಿನವರ ಹಾಗೆ ದಪ್ಪ ಉಬ್ಬು ಅಲ್ಲ, ನಮ್ಮದು ತೆಳು, ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು. ಚಿನ್ನದ ಬೆಲೆ ಏರಿದಾಗೆಲ್ಲ ಅವಳ ಕೈ ತಡೆಯುತ್ತದೆ. ಯಾರಾದರೂ ಬಂದು, ನಿಮ್ಮ ಲಕ್ಷ್ಮಿ ಚಿತ್ರ ಕೊಡಿ, ನಾವು ವರ್ಷವೆಲ್ಲ ತರಕಾರಿ ಕೊಡ್ತೀವಿ ಅಂದರೆ, ಅವಳು ರೇಕಿನ ದುಡ್ಡನ್ನು ಮೊದಲು ಎತ್ತಿಡಿಸಿಕೊಳ್ಳಲೇಬೇಕು. ತರಕಾರಿ ಅವಳ ಕೈಕೆಲಸಕ್ಕೆ ಬರಬಹುದು, ರೇಕಿಗೆ ಬರಲ್ಲ.

ಬದಲಿ ವ್ಯವಹಾರ ಅಂದ ತಕ್ಷಣ ಕೆಲವರು ಹಳೆಯ ಹಳ್ಳಿಯ ನೆನಪು ತೆಗೆಯುತ್ತಾರೆ. ಎಷ್ಟು ಚೆನ್ನಾಗಿತ್ತು, ದುಡ್ಡೇ ಬೇಕಿರಲಿಲ್ಲ ಅನ್ನುತ್ತಾರೆ. ನನಗೆ ಆ ಮಾತಿನ ಮೇಲೆ ತಕರಾರಿದೆ. ನಮ್ಮ ಕಡೆ ಆಯ ಕೊಡುವ ಪದ್ಧತಿ ಇತ್ತಲ್ಲ, ಕಮ್ಮಾರ, ಕ್ಷೌರಿಕ, ಮಡಿವಾಳ, ಕುಂಬಾರ ಇವರೆಲ್ಲ ವರ್ಷವಿಡೀ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣದ ಮುಂದೆ ಬಂದು ನಿಲ್ಲಬೇಕಿತ್ತು. ಎಷ್ಟು ಅಳೆದು ಹಾಕಬೇಕು ಅನ್ನುವುದು ರಾಶಿಯ ಯಜಮಾನನ ಕೈಯಲ್ಲಿ. ಮಳೆ ಕೈಕೊಟ್ಟರೆ ಕಡಿಮೆ, ಮನಸ್ಸು ಕೆಟ್ಟರೆ ಇನ್ನೂ ಕಡಿಮೆ. ಸಾಲದು ಅನ್ನುವ ಹಾಗಿಲ್ಲ, ಈ ವರ್ಷ ನಿಮ್ಮ ಮನೆ ಕೆಲಸ ಮಾಡಲ್ಲ ಅನ್ನುವ ಹಾಗಂತೂ ಇಲ್ಲವೇ ಇಲ್ಲ, ಯಾಕೆಂದರೆ ಕೆಲಸ ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. ಅಲ್ಲಿ ಬೆಲೆಯನ್ನು ಬಾಯಿ ಬಿಟ್ಟು ಹೇಳುವ ಹಕ್ಕು ದುಡಿದವರಿಗೆ ಇರಲಿಲ್ಲ. ಅಂಥ ಬದಲಿ ನನಗೆ ಬೇಡ.

ಆದ್ದರಿಂದ ನಾನು ಮೊದಲು ನನ್ನ ರೇಟು ಹೇಳುತ್ತೇನೆ, ದುಡ್ಡಿನಲ್ಲಿ. ಆಮೇಲೆ ಅವರ ರೇಟು ಕೇಳುತ್ತೇನೆ, ಅದೂ ದುಡ್ಡಿನಲ್ಲಿ. ಎರಡೂ ಮೇಜಿನ ಮೇಲೆ ಬಂದ ಮೇಲೆ ಬದಲಿಯ ಮಾತು. ಟೈಲರ್ ಅಕ್ಕ ಒಂದು ಲೈನಿಂಗ್ ರವಿಕೆಗೆ ಎಷ್ಟು ತಗೊಳ್ತಾರೆ, ನಾನು ಎ3 ಅಳತೆಯ ಒಂದು ಇಂಕ್ ಚಿತ್ರಕ್ಕೆ ಎಷ್ಟು ತಗೊಳ್ತೀನಿ, ಇಬ್ಬರಿಗೂ ಗೊತ್ತಿರಬೇಕು. ಗೊತ್ತಿದ್ದರೆ ಒಬ್ಬರು ಸ್ವಲ್ಪ ಬಿಟ್ಟುಕೊಟ್ಟರೂ ಬಿಟ್ಟುಕೊಟ್ಟದ್ದು ಅಂತ ಇನ್ನೊಬ್ಬರಿಗೆ ತಿಳಿಯುತ್ತದೆ. ಗೊತ್ತಿಲ್ಲದಿದ್ದರೆ ಇಬ್ಬರಿಗೂ ಮೋಸ ಹೋದ ಹಾಗೆ ಅನ್ನಿಸುತ್ತದೆ, ಅದೂ ಬಹಳ ದಿನ.

ಇದೇ ಕಾರಣಕ್ಕೆ "ಪ್ರಚಾರ ಸಿಗುತ್ತೆ" ಅನ್ನುವುದನ್ನು ನಾನು ಬದಲಿ ಅಂತ ಒಪ್ಪಲ್ಲ. ಒಂದು ಹೋಟೆಲ್‌ನವರು ಮೂರು ಗೋಡೆ ಬರೆಸಿಕೊಂಡು, ನಿಮ್ಮ ಹೆಸರು ಮೂಲೆಯಲ್ಲಿ ಹಾಕ್ಕೊಳ್ಳಿ, ದಿನಾ ನೂರಾರು ಜನ ನೋಡ್ತಾರೆ ಅಂದರು. ಆಮೇಲೆ ಊಟದ ಕೂಪನ್ ಅಂದರು. ಗೋಡೆ ತೊಳೆದು, ಪ್ರೈಮರ್ ಹೊಡೆದು, ಅಟ್ಟಣಿಗೆ ಮೇಲೆ ನಿಂತು ಬರೆದ ಕೆಲಸ ಅದು. ನನ್ನ ಜೊತೆ ಇಬ್ಬರು ಹುಡುಗರಿದ್ದರು, ಅವರ ದಿನದ ಕೂಲಿಯನ್ನು ನಾನು ಕೂಪನ್‌ನಲ್ಲಿ ಕೊಡೋಕಾಗುತ್ತಾ? ಅವರು ಕೊಡುವುದಾಗಿ ಹೇಳಿದ ಪ್ರಚಾರಕ್ಕೆ ರೇಟು ಇಲ್ಲ. ರೇಟು ಹೇಳಲಾಗದ್ದನ್ನು ಕೊಟ್ಟು ರೇಟು ಇರುವುದನ್ನು ತಗೊಂಡು ಹೋಗುವುದು ವ್ಯವಹಾರ ಅಲ್ಲ. ಹೊಸದಾಗಿ ಕೆಲಸ ಶುರು ಮಾಡಿರುವ ಹುಡುಗ ಹುಡುಗಿಯರಿಗೆ, ನಮ್ಮೂರಿನ ಚಿತ್ರಕಲೆಯ ಕಾಲೇಜು ಕಾವಾದಲ್ಲಿ ಓದು ಮುಗಿಸಿ ಹೊರಗೆ ಬರುತ್ತಿರುವವರಿಗೆ, ನಾನು ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು.

ಕಾನೂನಿನ ಒಂದು ಮಾತನ್ನೂ ಹೇಳಬೇಕು, ಬಹಳ ಜನಕ್ಕೆ ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ಹೇಳಿ, ಬೆಲೆ ಕೊಟ್ಟು ಬರೆಸಿದ ಚಿತ್ರ ಅಥವಾ ಭಾವಚಿತ್ರದ ಕಾಪಿರೈಟ್ ಮೊದಲಿಗೆ ಬರೆಸಿದವರದ್ದೇ ಆಗುತ್ತದೆ, ಬೇರೆ ಒಪ್ಪಂದ ಇಲ್ಲದಿದ್ದರೆ. ನಾವೇ ಬರೆದದ್ದು, ಹಾಗಾಗಿ ಹಕ್ಕು ನಮ್ಮದೇ ಅಂದುಕೊಂಡಿರುತ್ತೇವೆ. ಹಾಗಲ್ಲ. ಒಂದು ಮನೆಯ ಭಾವಚಿತ್ರಕ್ಕೆ ಇದರಿಂದ ದೊಡ್ಡ ತೊಂದರೆ ಇಲ್ಲ. ಆದರೆ ಅಂಗಡಿಗೆ ಬರೆದ ಚಿತ್ರ ನಾಳೆ ಅವರ ಬ್ಯಾಗಿನ ಮೇಲೆ, ಕ್ಯಾಲೆಂಡರ್ ಮೇಲೆ, ಕಪ್ಪಿನ ಮೇಲೆ ಬಂದಾಗ ಕೇಳಲು ಬಾಯಿ ಇರಲ್ಲ. ದುಡ್ಡೇ ತಗೊಂಡಿಲ್ಲ, ಬದಲಿಗೆ ಕೊಟ್ಟದ್ದು ಅಂದರೂ ತಪ್ಪಿಸಿಕೊಳ್ಳಬಹುದು ಅಂತ ನಂಬಿ ಕೂರಬೇಡಿ. ಬೆಲೆ ಅಂದರೆ ನೋಟೇ ಆಗಬೇಕು ಅಂತಿಲ್ಲ. 2017ರ ಜಿಎಸ್‌ಟಿ ಕಾಯ್ದೆ ಕೂಡ ಮಾರಾಟದ ಜೊತೆಗೇ ವಸ್ತು ವಿನಿಮಯವನ್ನೂ ಹೆಸರಿಸಿ ಸೇರಿಸಿದೆ. ಒಂದು ಹಾಳೆಯಲ್ಲಿ ಅಳತೆ, ಯಾವಾಗ ಕೊಡುವುದು, ಬದಲಿಗೆ ಏನು, ಕಾಪಿರೈಟ್ ಯಾರದ್ದು ಅಂತ ಬರೆದು ಇಬ್ಬರೂ ಸಹಿ ಹಾಕಿದರೆ ಮುಗಿಯಿತು. ಪರಿಚಯದವರ ಹತ್ತಿರ ಸಹಿ ಕೇಳೋದು ಹೇಗೆ ಅಂತ ಹಿಂಜರಿಯುತ್ತಾರೆ. ಪರಿಚಯ ಉಳಿಯಬೇಕು ಅಂದರೆ ಕೇಳಲೇಬೇಕು.

ಸ್ಕೆಚ್‌ಗಳ ಲೆಕ್ಕವೇ ಬೇರೆ. ದೇವರಾಜ ಮಾರ್ಕೆಟ್‌ಗೆ ಬೆಳಿಗ್ಗೆ ಪುಸ್ತಕ ಹಿಡಿದು ಹೋದರೆ ಯಾರೂ ನಿಮಗಾಗಿ ನಿಲ್ಲಲ್ಲ. ಕುಂಕುಮದ ರಾಶಿ ಸುಮ್ನೆ ಕೂತಿರುತ್ತದೆ, ಪ್ರವಾಸಿಗರೆಲ್ಲ ಅದನ್ನೇ ಬರೆಯುತ್ತಾರೆ, ಅದನ್ನೇ ಫೋಟೋ ತೆಗೆಯುತ್ತಾರೆ. ನನಗೆ ಬೇಕಾದದ್ದು ಕೈ. ಹೂ ಕಟ್ಟುವವರ ಕೈ ಒಂದು ಕ್ಷಣ ನಿಲ್ಲಲ್ಲ. ಆದರೆ ಸ್ವಲ್ಪ ಹೊತ್ತು ನೋಡಿದರೆ ಗೊತ್ತಾಗುತ್ತದೆ, ಅದು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಒಂದು ಸಲ ಬಂದಾಗ ಹೆಬ್ಬೆರಳು ಬರೆದುಕೊಳ್ಳಿ, ಇನ್ನೊಂದು ಸಲ ಬಂದಾಗ ಮಣಿಕಟ್ಟು, ಆಮೇಲೆ ದಾರದ ಸುತ್ತು. ವೀಳ್ಯದೆಲೆ ಎಣಿಸುವವರದ್ದೂ ಹಾಗೇ, ರಸಬಾಳೆ ಗೊನೆಯಿಂದ ಚಿಪ್ಪು ಬಿಡಿಸುವವರದ್ದೂ ಹಾಗೇ. ಮುಖ ಕೊನೆಗೆ. ಮುಖದಿಂದ ಶುರು ಮಾಡಿದರೆ ಅವರಿಗೆ ಗೊತ್ತಾಗಿ ಗಂಭೀರ ಆಗಿಬಿಡುತ್ತಾರೆ, ಕೈಯೂ ನಿಧಾನ ಆಗುತ್ತದೆ.

ಬರೆದದ್ದನ್ನು ಅವರಿಗೆ ತೋರಿಸದೆ ಬರುವುದು ನನಗೆ ಸರಿ ಕಾಣಲ್ಲ. ತೋರಿಸಿದರೆ ಅಕ್ಕಪಕ್ಕದ ಅಂಗಡಿಯವರೆಲ್ಲ ಸೇರುತ್ತಾರೆ. ಹೂವಿನ ಅಜ್ಜಿಯೊಬ್ಬರು ನೋಡಿ, "ದಾರ ಬಾಯಲ್ಲಿ ಕಚ್ಚಿರೋದನ್ನೂ ಹಾಕ್ಬಿಟ್ಟಿದೀಯಲ್ಲ ಕಣಮ್ಮ" ಅಂತ ನಕ್ಕು, ಒಂದು ಮಾರು ಮಲ್ಲಿಗೆ ಅಳೆದು ಕೊಟ್ಟರು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ಮುಂದಿನ ಸಲ ಹೋಗುವಾಗ ಆ ಪುಟದ ಒಂದು ಒಳ್ಳೆಯ ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿಸಿ ಕೊಟ್ಟೆ. ಈಗ ಅದು ಅವರ ಅಂಗಡಿಯಲ್ಲಿ ದೇವರ ಫೋಟೋ ಪಕ್ಕದಲ್ಲಿದೆ. ಪುಸ್ತಕದ ಹಾಳೆ ಮಾತ್ರ ನಾನು ಯಾರಿಗೂ ಹರಿದು ಕೊಡಲ್ಲ, ಎಷ್ಟು ಕೊಟ್ಟರೂ ಕೊಡಲ್ಲ. ಅದು ನನ್ನ ಬಿತ್ತನೆ ಬೀಜ. ಮುಂದಿನ ಹತ್ತು ಚಿತ್ರ ಅಲ್ಲಿಂದಲೇ ಬರಬೇಕು.

ಬೆಲ್ಲ ಬಂದದ್ದು ಮಂಡ್ಯದ ಕಡೆಯಿಂದ. ಆಲೆಮನೆ ನಡೆಸುವ ಒಬ್ಬರು ತಮ್ಮ ಹಳ್ಳಿಕಾರ್ ಜೋಡಿಯ ಚಿತ್ರ ಬೇಕು ಅಂದರು. ಚುಂಚನಕಟ್ಟೆ ಜಾತ್ರೆಯಲ್ಲಿ ಎಲ್ಲರೂ ನಿಂತು ನೋಡಿದ ಎತ್ತುಗಳಂತೆ. ಊರಿಗೇ ಹೋಗಿ ಬರೆದುಕೊಂಡೆ. ಗಾಣದಿಂದ ಕಬ್ಬಿನ ಹಾಲು ಇಳಿಯುವ ಸದ್ದು, ಕೊಪ್ಪರಿಗೆಯ ಕೆಳಗೆ ಒಣಸಿಪ್ಪೆಯ ಬೆಂಕಿ, ಮೈಯೆಲ್ಲ ಬೆಲ್ಲದ ಹಬೆ, ಪೇಪರ್ ಕೂಡ ಅಂಟುಅಂಟು. ಪೆನ್ಸಿಲ್ ಕರಡನ್ನು ನಾನು ಯಾವಾಗಲೂ ಬರೆಸುವವರಿಗೆ ತೋರಿಸಿಯೇ ಮುಂದಕ್ಕೆ ಹೋಗುವುದು. ಅವರು ಹಾಳೆಯನ್ನು ದೂರ ಹಿಡಿದು ನೋಡಿ, ಬೆರಳಿನಿಂದ ಗಾಳಿಯಲ್ಲಿ ಕೊಂಬು ಬರೆದು ತೋರಿಸಿದರು. "ನೋಡವ್ವ, ಬುಡದಲ್ಲಿ ಎರಡೂ ಹತ್ತತ್ರ ಹುಟ್ತವೆ. ಹಿಂದಕ್ಕೆ ಹೋಗಿ, ಆಮ್ಯಾಕೆ ಮುಂದಕ್ಕೆ ಬಾಗ್ತವೆ. ತುದಿ ಸೂಜಿ ಇದ್ದಂಗಿರಬೇಕು. ಹಣೆ ಉಬ್ಬು ಕಾಣ್ಬೇಕು, ಮುಖ ಉದ್ದ ಇರ್ಬೇಕು." ಅಷ್ಟು ವಿವರವಾಗಿ ನನ್ನ ಕೆಲಸವನ್ನು ತಿದ್ದಿದ ವಿಮರ್ಶಕರು ಕಡಿಮೆ. ಅರ್ಧ ದುಡ್ಡು ಕೊಟ್ಟರು, ಅರ್ಧಕ್ಕೆ ಅಚ್ಚು ಬೆಲ್ಲ. ಕೆಜಿಗೆ ಆವತ್ತಿನ ಮಂಡ್ಯ ಮಾರ್ಕೆಟ್ ರೇಟು ಏನಿತ್ತೋ ಅದನ್ನೇ ಅವರು ಫೋನಿನಲ್ಲಿ ವಿಚಾರಿಸಿ ಹಿಡಿದರು, ಒಂದು ರೂಪಾಯಿ ಜಾಸ್ತಿ ಹಾಕಲಿಲ್ಲ.

ಇನ್ನೊಂದು ಬೇಡಿಕೆ ಮೈಸೂರಿನಲ್ಲಿ ಮಾತ್ರ ಬರುವಂಥದ್ದು. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹುಡುಗಿಯ ಚಿತ್ರ ಇದೆಯಲ್ಲ, ಕೈಯಡ್ಡ ಇಟ್ಟು ಬೆಳಕು ಬೆರಳಿನಿಂದ ಹಾಯ್ದು ಬರುವುದು, ಅದರ ನಕಲು ಬೇಕು ಅಂತ ಬರುತ್ತಾರೆ. ರವಿವರ್ಮನದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬರೆದವರು ಎಸ್.ಎಲ್. ಹಲ್ದಣಕರ್, ಎದುರಿಗೆ ನಿಂತವಳು ಅವರದೇ ಮಗಳು. ಅದು ಜಲವರ್ಣ. ತಪ್ಪಿದರೆ ಮೇಲೆ ಬಳಿದು ಮುಚ್ಚುವ ಹಾಗಿಲ್ಲ, ಬೆಳಕು ಬೇಕಾದ ಕಡೆ ಪೇಪರನ್ನು ಬಿಟ್ಟುಕೊಂಡೇ ಹೋಗಬೇಕು. ನಾನು ನಕಲು ಮಾಡಿಕೊಡಲ್ಲ. ಬದಲಿಗೆ, ನಿಮ್ಮ ಮಗಳನ್ನೋ ಅತ್ತಿಗೆಯನ್ನೋ ಒಂದು ಸಂಜೆ ದೀಪ ಹಿಡಿದು ನಿಲ್ಲಿಸಿ, ಅವರನ್ನೇ ಬರೀತೀನಿ ಅನ್ನುತ್ತೇನೆ. ಹಲ್ದಣಕರ್ ಮಾಡಿದ್ದೂ ಅದನ್ನೇ, ತಮ್ಮ ಮನೆಯ ಹುಡುಗಿಯನ್ನು ನೋಡಿ ಬರೆದರು. ಕೆಲವರು ಬೇಸರ ಮಾಡಿಕೊಂಡು ಹೋಗುತ್ತಾರೆ. ಒಪ್ಪಿದವರ ಮನೆಯಲ್ಲಿ ಈಗ ಅವರದ್ದೇ ದೀಪ ಇದೆ.

ಇತ್ತೀಚೆಗೆ ಮನೆಗಳನ್ನು ಬರೆಯುವ ಕೆಲಸ ಜಾಸ್ತಿ ಆಗುತ್ತಿದೆ, ಅದು ನನಗೆ ಸಂತೋಷದ ವಿಷಯ ಅಲ್ಲ. ಅಗ್ರಹಾರ, ಚಾಮುಂಡಿಪುರಂ, ಲಕ್ಷ್ಮೀಪುರಂ ಕಡೆ ಹಳೆಯ ಹೆಂಚಿನ ಮನೆ ಕೆಡವುವ ಮುಂಚೆ ಫೋನ್ ಮಾಡುತ್ತಾರೆ. ಬಿಲ್ಡರ್‌ಗೆ ಕೊಟ್ಟಾಗಿದೆ, ತಿಂಗಳಿದೆ ಅನ್ನುತ್ತಾರೆ. ನಾನು ಟೇಪು ತಗೊಂಡೇ ಹೋಗುತ್ತೇನೆ. ಕಂಬದ ಎತ್ತರ, ಜಗಲಿಯ ಅಗಲ, ತೊಟ್ಟಿಗೆ ಬಿಸಿಲು ಬೀಳುವ ಹೊತ್ತು, ಬಾಗಿಲ ಮೇಲಿನ ಬಣ್ಣದ ಗಾಜಿನಲ್ಲಿ ಯಾವ ಚೌಕ ಒಡೆದು ಸಾದಾ ಗಾಜು ಹಾಕಿದ್ದಾರೆ, ಎಲ್ಲ ಗುರುತು ಮಾಡಿಕೊಳ್ಳುತ್ತೇನೆ. ಫೋಟೋದಲ್ಲಿ ಬೀದಿಯ ವಿದ್ಯುತ್ ತಂತಿ, ಎದುರಿನ ಕಾರು, ಪಕ್ಕದ ಅಪಾರ್ಟ್‌ಮೆಂಟ್ ಎಲ್ಲ ಬಂದುಬಿಡುತ್ತದೆ. ಚಿತ್ರದಲ್ಲಿ ಅವನ್ನು ತೆಗೆದು, ಮನೆಯವರು ಬಾಯಲ್ಲಿ ಹೇಳಿದ ಪಾರಿಜಾತದ ಗಿಡವನ್ನು ಮತ್ತೆ ನಿಲ್ಲಿಸಬಹುದು. ಇದನ್ನು ಬೇಗ ಮಾಡಬೇಕು, ಯಾರಾದರೂ ಮಾಡಬೇಕು. ಊರಿನಲ್ಲಿ ಚಿತ್ರ ಬರೆಯುವವರು ಇಷ್ಟು ಜನ ಇದ್ದೀವಿ, ಬೀದಿಗೊಬ್ಬರು ಹಂಚಿಕೊಂಡರೂ ಎಷ್ಟೋ ಮನೆಗಳು ಕಾಗದದಲ್ಲಾದರೂ ಉಳಿಯುತ್ತವೆ.

ಸದ್ಯ ಕೈಯಲ್ಲಿರುವುದೂ ಒಂದು ಮನೆಯೇ. ನಾಲ್ವರು ಒಡಹುಟ್ಟಿದವರು, ಮನೆ ಮಾರಿದ ದುಡ್ಡು ಹಂಚಿಕೊಂಡಿದ್ದಾರೆ, ಚಿತ್ರ ಹಂಚುವುದು ಹೇಗೆ ಅಂತ ಇನ್ನೂ ತೀರ್ಮಾನ ಆಗಿಲ್ಲ. ಮೂವರು ಪ್ರಿಂಟ್ ಸಾಕು ಅನ್ನುತ್ತಾರೆ, ಕೊನೆಯ ತಂಗಿಗೆ ಮೂಲವೇ ಬೇಕು. ನಾನು ಹೇಳಿದೆ, ಅದು ನೀವು ನೀವೇ ಮಾತಾಡಿಕೊಳ್ಳಿ, ಹಾಳೆಯಲ್ಲಿ ಸಹಿ ಮಾತ್ರ ನಾಲ್ವರದ್ದೂ ಬೇಕು. ಎರಡನೇ ಅಣ್ಣ ಎಲೆಕ್ಟ್ರಿಷಿಯನ್. ಅವರ ಪಾಲಿನ ಕೂಲಿಗೆ ನನ್ನ ಕೆಲಸದ ಕೋಣೆಗೆ ಹೊಸ ವೈರಿಂಗ್ ಮಾಡಿಕೊಡುತ್ತಾರೆ. ಪಾಯಿಂಟ್‌ಗೆ ಎಷ್ಟು ಅಂತ ಅವರು ಹೇಳಿದ್ದಾರೆ, ನನ್ನ ರೇಟು ನಾನು ಹೇಳಿದ್ದೇನೆ. ವೈರು, ಸ್ವಿಚ್ಚು ನಾನೇ ತರಬೇಕು. ಮೇಜಿನ ಎಡಗಡೆಯಿಂದ ಬೆಳಕು ಬೀಳುವ ಹಾಗೆ ಒಂದು ಲೈಟ್ ಪಾಯಿಂಟ್ ಬೇಕೇ ಬೇಕು ಅಂದಿದ್ದೇನೆ, ನಾನು ಬರೆಯುವುದು ಬಲಗೈಯಲ್ಲಿ.